ಕೆಂಪು ಕಾಲಿನ ಹಕ್ಕಿಯ ಕುಂಟಾಟ

ಹಚ್ಚೊಳ್ಳಿಯ ನಮ್ಮ ಗದ್ದೆಯ ಬದುವಿನ ಹತ್ತಿರ ಆ ಹಕ್ಕಿ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ ಒದ್ದಾಡುತ್ತಿತ್ತು. ಮೈ ಬಿಳುಪು, ರೆಕ್ಕೆ ಕಪ್ಪು, ಕಾಲುಗಳು ಕೆಂಪು ಕಡ್ಡಿಯಂತೆ ಉದ್ದ. ಕಾಲುವೆಗೆ ನೀರು ಬಿಟ್ಟಾಗ ಎಲ್ಲಿಂದಲೋ ಬಂದು, ನೀರು ನಿಂತ ಮೇಲೆ ಹೊರಟುಹೋಗುವ ಮೆಟ್ಟುಗಾಲು ಹಕ್ಕಿ ಅದು. ರೆಕ್ಕೆ ಮುರಿದರೆ ಹೇಗೆ ಹೋದೀತು ಎಂದು ನನಗೆ ಸಂಕಟವಾಯಿತು. ಎಲೆ ಅಡಿಕೆ ಚೀಲದ ಸುಣ್ಣಕ್ಕೆ ಬುತ್ತಿಯ ಬೆಲ್ಲ ಕಲಸಿ, ಉಳುಕಿಗೆ ಹಚ್ಚುವ ಆ ಮದ್ದು ಹಿಡಿದು ಹಿಂದೆಯೇ ನಡೆದೆ. ನಾನು ಹತ್ತಿರವಾದರೆ ಅದು ನಾಲ್ಕು ಹೆಜ್ಜೆ ಮುಂದೆ ಕುಂಟುತ್ತಿತ್ತು. ಮೂರು ಮಡಿ ದಾಟುವಷ್ಟರಲ್ಲಿ ನಾನೇ ಕಾಲು ಉಳುಕಿ ಕೆಸರಿನಲ್ಲಿ ಕುಳಿತೆ. ಹಕ್ಕಿ ಕಿಕ್ ಕಿಕ್ ಎನ್ನುತ್ತ ಹಾರಿಹೋಯಿತು.

ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಖಾಸಿಂಬಿ ನಗುತ್ತ ಬಂದಳು. "ಬದುವಿನ ಮ್ಯಾಲ ಅದರ ತತ್ತಿ ಅದಾವ ಯಕ್ಕಾ. ನಿನ್ನ ದೂರ ಕರಕೊಂಡು ಹೋಗಾಕ ಹಂಗ ಕುಂಟಿತು. ಆ ಸುಣ್ಣ ಬೆಲ್ಲ ಈಗ ನಿನ್ನ ಕಾಲಿಗೇ ಹಚ್ಗೋ."

ಹಚ್ಚಿಕೊಂಡೆ. ಮರುದಿನ ಮೊಮ್ಮಕ್ಕಳು ಶೇಂಗಾ ಉಂಡೆಯ ಡಬ್ಬಿಯ ಹತ್ತಿರ ಸುಳಿದಾಗ ನಾನು ಕುಂಟುತ್ತ ಅಂಗಳಕ್ಕೆ ಹೊರಟೆ. "ಏನಾತಬೇ ಅಜ್ಜಿ" ಎಂದು ಎಲ್ಲರೂ ಹಿಂದೆ ಬಂದರು, ಉಂಡೆ ಉಳಿದವು. ಕಾಲು ವಾಸಿಯಾಗಿ ತಿಂಗಳಾಯಿತು. ಇನ್ನೂ ಕುಂಟುತ್ತಿದ್ದೇನೆ.