ಠೇವಣಿ ಇಟ್ಟ ಭಾವ

ಹೋದ ವಾರ ನನ್ನ ಭಾವ ಬೀರಣ್ಣನವರು ಅರ್ಧ ದಿನದ ಮಟ್ಟಿಗೆ ಚುನಾವಣೆಗೆ ನಿಂತಿದ್ದರು. ಅವರಿಗೇ ಗೊತ್ತಿರಲಿಲ್ಲ.

ಆದದ್ದು ಇಷ್ಟು. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇರುವ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಠೇವಣಿ ಎಂದು ಹೆಸರು. ಸುಂಕಸಾಳದ ಹತ್ತಿರ, ಕಾಡಿನ ಅಂಚಿನ ಗದ್ದೆಯಲ್ಲಿ ಶೇಂಗಾ ಬೆಳೆಯುವ ಭಾವನಿಗೂ ಬೆಳೆ ರಕ್ಷಣೆಗೆಂದು ಕೊಟ್ಟ ಒಂಟಿ ನಳಿಗೆಯ ಬಂದೂಕೊಂದಿದೆ. ಕಾರವಾರದಿಂದ ನಾನು ಸ್ಕೂಟರ್ ಒಯ್ದೆ. (ಬಂದೂಕಿಗೆ ಫುಲ್ ಟಿಕೆಟ್ಟೋ ಹಾಫ್ ಟಿಕೆಟ್ಟೋ ಎಂದು ಬಸ್ಸಿನ ಕಂಡಕ್ಟರನ್ನು ಧರ್ಮಸಂಕಟಕ್ಕೆ ದೂಡುವುದು ಬೇಡವೆಂದು.) ಹಳೆಯ ಚಾದರದಲ್ಲಿ ಸುತ್ತಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಹಿಂದೆ ಕುಳಿತರು.

ಇತ್ತ ಮನೆಯಲ್ಲಿ ನನ್ನ ಅಕ್ಕ, ಪಕ್ಕದ ಮನೆಯವರಿಗೆ "ಇವ್ರು ಠೇವಣಿ ಇಡೂಕೆ ಅಂಕೋಲೆಗೆ ಹೋಗ್ಯಾರೆ" ಎಂದಳಂತೆ. ನಾವು ಮರಳುವಷ್ಟರಲ್ಲಿ ಅಂಗಳದಲ್ಲಿ ಜನ.

"ಯಾವ ಪಕ್ಷವಾ, ಬೀರಣ್ಣಾ?"

"ಎಂತ ಪಕ್ಷ?"

"ಪಕ್ಷೇತರನಾ ಹಾಗಾರೆ? ಚಿಹ್ನೆ ಎಂತದು?"

"ಹಂದಿ!" ಎಂದರು ಭಾವ.

ಸಿಟ್ಟಿಗೆ ಕಾರಣವಿತ್ತು. ಶೇಂಗಾ ಬಲಿಯುತ್ತಿದೆ. ಈ ಸುದ್ದಿ ಕಾಡುಹಂದಿಗಳಿಗೆ ನಮಗಿಂತ ಮೊದಲು ಮುಟ್ಟುತ್ತದೆ. ಭಾವನ ಬಂದೂಕು ಇದುವರೆಗೆ ಯಾರನ್ನೂ ಕೊಂದಿಲ್ಲ. ಆಕಾಶಕ್ಕೆ ಒಂದು ಈಡು ಹೊಡೆದರೆ ಹಿಂಡು ಕಾಡಿಗೆ ಓಡುತ್ತದೆ, ಅಷ್ಟೇ ಅದರ ಕೆಲಸ. ಇನ್ನು ಮತ ಎಣಿಕೆ ಮುಗಿಯುವ ತನಕ ಡಬ್ಬ ಬಡಿಯಬೇಕು. ಡಬ್ಬದ ಸಂಗೀತ ಹಂದಿಗಳಿಗೆ ರೂಢಿಯಾಗಿ ಹೋಗಿದೆ. ವಿನಾಯಿತಿ ಕೇಳಲಿಲ್ಲವೇ? ಕೇಳಿದ್ದಾರೆ. ಅರ್ಜಿ ಪರಿಶೀಲನೆಯಲ್ಲಿದೆ, ಹಂದಿಗಳು ಗದ್ದೆಯಲ್ಲಿವೆ.

ಅಂಗಳ ಖಾಲಿಯಾದ ಮೇಲೆ ಭಾವನಿಗೆ ಸಮಾಧಾನ ಹೇಳಲು ಹೋಗಿ ನಾನು ಅಮೆರಿಕದ ಸಂವಿಧಾನ ತೆಗೆದೆ. (ನನ್ನ ವಯಸ್ಸಿನವರಿಗೆ ಸಮಾಧಾನ ಹೇಳುವ ಬೇರೆ ದಾರಿ ಗೊತ್ತಿಲ್ಲ.)

"ಅಲ್ಲಿ ಬಂದೂಕು ಇಟ್ಟುಕೊಳ್ಳುದು ಹಕ್ಕು, ಭಾವಾ."

"ಹೌದಾ? ಅಲ್ಲೂ ಹಂದಿ ಕಾಟವಾ?"

"ಹಂದಿಗಲ್ಲ. ಸರ್ಕಾರಕ್ಕೆ ಹೆದ್ರಿ."

ಅಂದಿನ ಅಮೆರಿಕದವರು ದೊರೆಯೊಬ್ಬನ ಆಳ್ವಿಕೆಯನ್ನು ಆಗಷ್ಟೇ ಕಿತ್ತೊಗೆದಿದ್ದ ಜನ. ಸಂಬಳದ ಸೈನ್ಯ ಸಾಕುವ ಸರ್ಕಾರ ಒಂದು ದಿನ ತಮ್ಮ ಮೇಲೇ ತಿರುಗಿ ಬಿದ್ದರೆ? ಅದಕ್ಕೆ ಊರೂರಿನ ಬೇಸಾಯಗಾರರೇ ನೇಗಿಲು ಬಿಟ್ಟು, ಸ್ವಂತ ಬಂದೂಕು ಹಿಡಿದು ಬರುವ ಪಡೆಯೊಂದಿರಲಿ ಎಂದು ಆ ಹಕ್ಕು ಬರೆದರು. ಪಡೆಗೆ ಮಾತ್ರವೋ, ಒಬ್ಬೊಬ್ಬನ ಆತ್ಮರಕ್ಷಣೆಗೂ ಹೌದೋ ಎಂದು ಪಂಡಿತರು ಇಂದಿಗೂ ಕಚ್ಚಾಡುತ್ತಾರೆ. ಅಂದಿನ ಬಂದೂಕಾದರೋ ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುತ್ತ ನಿಲ್ಲಬೇಕಾದದ್ದು. ಈಗ ಆ ರೈತರ ಪಡೆ ಇಲ್ಲ. ಹೆದರಿಸಬೇಕಿದ್ದ ಸರ್ಕಾರದ ಬಳಿ ವಿಮಾನ, ಕ್ಷಿಪಣಿಗಳಿವೆ. ಬಂದೂಕು ಮಾತ್ರ ಮನೆಯ ಕಪಾಟಿನಲ್ಲಿದೆ, ಆಗಾಗ ಶಾಲೆಯ ಬಾಗಿಲಿಗೂ ಬರುತ್ತದೆ.

ಅಲ್ಲಿ ಉದ್ದೇಶ ಹೋಯಿತು, ಬಂದೂಕು ಉಳಿಯಿತು. ನಮ್ಮ ಭಾವನದು ಉಲ್ಟಾ. ಬಂದೂಕು ಹೋಯಿತು, ಉದ್ದೇಶ ದಿನವೂ ಕತ್ತಲಾಗುತ್ತಲೇ ಮರಿಗಳ ಸಮೇತ ಬರುತ್ತಿದೆ.

ಹಾಗೆಂದು ಅಮೆರಿಕದ ಹಕ್ಕು ನಮಗೂ ಬೇಕೆನ್ನುವವನಲ್ಲ ನಾನು. ಊರಲ್ಲಿ ನಾಲ್ಕು ಪಕ್ಷಗಳ ಬಿಸಿ ಏರಿದಾಗ ಬಂದೂಕು ಠಾಣೆಯಲ್ಲಿರುವುದೇ ಕ್ಷೇಮ. ಅದನ್ನೂ ಹೇಳಿದೆ.

ಭಾವ ಒಪ್ಪಿದರು. ಆಮೇಲೆ ಅಗೆದು ಹೋದ ಗದ್ದೆಯ ಮೂಲೆಯತ್ತ ನೋಡುತ್ತ ಅಂದರು: "ಹಂದಿ ಬಂತು ಅಂತ ಐದು ವರ್ಷ ಅರ್ಜಿ ಕೊಟ್ಟೆ ತಮಾ, ಯಾರೂ ಬರ್ಲಿಲ್ಲ. ಠಾಣೆಗೆ ಬಂದೂಕು ತಕಂಬಾ ಅಂತ ಮಾತ್ರ ಅವ್ರೇ ಫೋನ್ ಮಾಡಿದ್ರು. ನನ್ನ ಕೈಲಿ ಬಂದೂಕಿದ್ರೆ ಅವ್ರಿಗೆ ಅಷ್ಟು ಹೆದ್ರಿಕೆ. ವೋಟಿದ್ರೆ ಯಾಕಾ ಹೆದ್ರಿಕೆ ಇಲ್ಲ?"