ಆನೆ ಇಲ್ಲವೆಂದು ಹೇಳುವ ಚುಕ್ಕಿ

ನಮ್ಮ ಮನೆಯ ಹಾಲಿನ ಕ್ಯಾನು ಈಗ ಒಂದು ಪಕ್ಕೆಯನ್ನು ಒಳಗೆಳೆದುಕೊಂಡು, ಉಪವಾಸಕ್ಕೆ ಕೂತ ಸಂನ್ಯಾಸಿಯಂತೆ ಜಗಲಿಯ ಮೇಲೆ ವಿರಾಜಮಾನವಾಗಿದೆ. ಕಂಡವರೆಲ್ಲ ಆನೆ ತುಳಿದದ್ದೆನ್ನುತ್ತಾರೆ. ಆನೆ ನಿರಪರಾಧಿಯೆಂದು ಸಾರುವ ಕರ್ತವ್ಯ ನನ್ನದು. ಆ ನಗ್ಗಿಗೆ ಮೂಲಕಾರಣ ನಾನೇ ಬರೆದ, ಕೂದಲಿನಷ್ಟು ತೆಳುವಾದ ಒಂದು ತಾಮ್ರದ ಗೆರೆ.

ನಮ್ಮೂರು ತಿಗನಾರೆಯ ಹೊರಗೆ ದಾರಿ ಕವಲೊಡೆಯುತ್ತದೆ, ಗೆಳೆಯರೇ. ಒಂದು ಕಾಡಂಚಿನಲ್ಲಿ ನೇರವಾಗಿ ಹಾಲಿನ ಡೈರಿಗೆ ಹೋಗುತ್ತದೆ; ಇನ್ನೊಂದು ಕೆರೆ ಬಳಸಿಕೊಂಡು, ಡೈರಿಯ ಬಾಗಿಲು ಮುಚ್ಚುವ ಹೊತ್ತಿಗೆ ತಲುಪಿಸುತ್ತದೆ. ನನ್ನ ಹೆಂಡತಿ ಸುಂದ್ರಮ್ಮನೂ ಪಕ್ಕದ ಮನೆಯ ಮಾದೇವಿಯೂ ಮಂಜಿನಲ್ಲೇ ಹಾಲು ಹೊತ್ತು ಹೊರಡುವವರು. ಕಾಡಂಚಿನಲ್ಲಿ ಆನೆ ಇದೆಯೋ ಇಲ್ಲವೋ ಎಂಬುದು ಅವರಿಗೆ ಕವಲಿನಲ್ಲೇ ತಿಳಿಯಬೇಕು. ಮೇಷ್ಟರ ಕೆಲಸದಿಂದ ನಿವೃತ್ತನಾದರೂ ಲೋಕಕ್ಕೆ ತಿಳಿವಳಿಕೆ ಹಂಚುವ ಚಟದಿಂದ ನಿವೃತ್ತನಾಗದ ನಾನು, ಅಲ್ಲೊಂದು ದೀಪದ ಬೋರ್ಡನ್ನು ನಿಲ್ಲಿಸುವ ಸಂಕಲ್ಪ ಮಾಡಿದೆ. ಕಡೆಯ ಹೊಲದ ಅಟ್ಟಣೆಯಲ್ಲಿ ರಾಗಿ ಕಾಯುವವನು ಮಾದೇವಿಯ ಗಂಡ. ಆನೆ ಕಂಡೊಡನೆ ಅವನೊಂದು ಗುಂಡಿ ಒತ್ತಿದರೆ, ಸುದ್ದಿ ಗಾಳಿಯಲ್ಲಿ ಬಂದು ಕವಲಿನಲ್ಲಿ ಕೆಂಪು ಚುಕ್ಕಿಗಳ ಆನೆಯೊಂದು ಬೆಳಗಬೇಕು. ಪೇಟೆಯ ಸಿದ್ಧ ಬೋರ್ಡುಗಳು ಅಂಗಡಿಯ ಮುಂದೆ ಮೆರೆಯಲು ಹುಟ್ಟಿದವು. ನನ್ನ ಪುಟ್ಟ ಸೋಲಾರ್ ಕೂಡಿಟ್ಟ ಕರೆಂಟನ್ನೆಲ್ಲ ಕೋಳಿ ಕೂಗುವ ಮೊದಲೇ ಕುಡಿದು ಮಲಗುತ್ತಿದ್ದವು. ಹಾಗಾಗಿ ಸರ್ಕ್ಯೂಟ್ ಬೋರ್ಡಿನ ನಕ್ಷೆಯನ್ನು ನಾನೇ ಬರೆಯಲು ಕೂತೆ.

ಅದೊಂದು ವೇದಾಂತದ ವ್ಯವಹಾರ. ಚುಕ್ಕಿಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲ. ಒಂದು ಕ್ಷಣಕ್ಕೆ ಒಂದೇ ಸಾಲು. ನಮ್ಮ ಕಣ್ಣು ಉದಾರಿಯಾದ್ದರಿಂದ ಇಡೀ ಆನೆಯೇ ನಿಂತಿದೆಯೆಂದು ಒಪ್ಪಿಕೊಳ್ಳುತ್ತದೆ. ಬೋರ್ಡಿನ ಮೇಲೆ ಕರೆಂಟು ಹರಿಯುವ ತಾಮ್ರದ ಗೆರೆಗಳು ಒಂದನ್ನೊಂದು ತಾಗಕೂಡದು. ದಾಟಲೇಬೇಕಾದಲ್ಲಿ ಒಂದು ಗೆರೆ ಸಣ್ಣ ತೂತಿನಲ್ಲಿ ಇಳಿದು, ಹಲಗೆಯ ಹಿಂಬದಿಯಲ್ಲಿ ನಡೆದು, ಆಚೆಗೆ ಮೆಲ್ಲಗೆ ಮೇಲೇಳುತ್ತದೆ. ಆನೆಯ ದಾರಿಗೂ ನಮ್ಮ ಹೊಲಕ್ಕೂ ಭಗವಂತ ಇಂಥದೊಂದು ತೂತು ಕೊರೆಯಲಿಲ್ಲವಲ್ಲ ಎಂದು ನಾನು ಬಹಳ ಹೊತ್ತು ವ್ಯಸನಪಟ್ಟೆ. ಆ ವ್ಯಸನದಲ್ಲೇ ಬ್ಯಾಟರಿಯಿಂದ ಬರುವ ಮುಖ್ಯ ಗೆರೆಯನ್ನು ತೀರಾ ತೆಳುವಾಗಿ ಎಳೆದಿದ್ದೆ.

ಆನೆ ಕೆಲವು ಬೆಳಗುಗಳಲ್ಲಿ ಸೊಗಸಾಗಿ ಬೆಳಗಿತು. ಆಮೇಲೊಂದು ಮುಂಜಾನೆ ಆ ಗೆರೆ ಸುಟ್ಟುಹೋಯಿತು. ಅಟ್ಟಣೆಯಲ್ಲಿ ಗುಂಡಿ ಒತ್ತಿದ್ದರೂ ಬೋರ್ಡು ಕತ್ತಲಾಗಿತ್ತು; ಹೆಂಗಸರಿಬ್ಬರೂ ಕಾಡಂಚಿನ ದಾರಿ ಹಿಡಿದರು. ಮಂಜಿನೊಳಗೆ ಕಿವಿ ಬೀಸುವ ಸದ್ದು ಕೇಳಿದಾಗ ಕ್ಯಾನು ಬಿಸಾಡಿ ಓಡಿಬಂದರು.

"ಬೋರ್ಡು ಕತ್ಲಾಗಿತ್ತು, ಆನೆ ಇಲ್ಲ ಅನ್ಕಂಡು ನಡುದ್ಬುಟ್ಟೊ," ಎಂದಳು ಸುಂದ್ರಮ್ಮ, ಜಗಲಿಯಲ್ಲಿ ಏದುಸಿರು ಬಿಡುತ್ತ. "ಆನೇನೂ ಅಂಗೇ ಅನ್ಕತ್ತೋ ಏನೊ, ಯಾರೂ ಬರಕಿಲ್ಲ ಅಂತ."

"ನಾಳಿಂದ ಕೆರೆ ದಾರೀನೇ ಕಣಕ್ಕಾ," ಎಂದಳು ಮಾದೇವಿ. "ಆಲು ಒಡುದ್ರೂ ಸೈ, ಜೀವ ಇರ್ಲಿ."

ಗೆರೆಯನ್ನು ದಪ್ಪ ಮಾಡಿದರೆ ಸಾಕೆಂದು ನಾನು ಭಾಷಣ ಆರಂಭಿಸಿದೆ. ಸುಂದ್ರಮ್ಮ ಕೇಳಿಸಿಕೊಳ್ಳಲಿಲ್ಲ. ಅಂದು ಮುಸ್ಸಂಜೆ ಅಟ್ಟಣೆಯಿಂದ ಕೂಗು ಬಂತು. ಆಚೆ ಹೊಲದಿಂದ ಮರುಕೂಗು. ಆನೆ ಬಂದಿರಲಿಲ್ಲ. ನಮ್ಮಲ್ಲಿ ಕಾವಲಿನವರು ಆನೆ ಬಾರದಿದ್ದರೂ ಆಗಾಗ ಹಾಗೆ ಕೂಗುತ್ತಾರೆ, ತಾವು ಎಚ್ಚರವಾಗಿದ್ದೇವೆಂದು ಪಕ್ಕದ ಹೊಲದವರಿಗೆ ತಿಳಿಯಲಿ ಎಂದು. ಕೂಗು ನಿಂತರೆ ಊರಿಗೇ ದಿಗಿಲು. ಹುಟ್ಟಿದಂದಿನಿಂದ ಆ ಕೂಗನ್ನು ಕೇಳುತ್ತ ಮಲಗಿದ ನಾನು, ಅಪಾಯವಿದ್ದಾಗ ಮಾತ್ರ ಬಾಯಿ ತೆರೆಯುವ ಯಂತ್ರವೊಂದನ್ನು ಪರಮ ಗಾಂಭೀರ್ಯದಿಂದ ನಿರ್ಮಿಸಿದ್ದೆ.

ಎರಡನೆಯ ಬೋರ್ಡಿನಲ್ಲಿ ಗೆರೆ ದಪ್ಪಗಾಯಿತು; ಮೂಲೆಯ ಒಂದು ಚುಕ್ಕಿಗೆ ಹೊಸ ಕೆಲಸ ಸಿಕ್ಕಿತು. ಕಾವಲಿನವನು ಕೂಗು ಹಾಕುವಾಗಲೆಲ್ಲ ಇನ್ನೊಂದು ಗುಂಡಿ ಒತ್ತುತ್ತಾನೆ. ಅದಾದ ಸ್ವಲ್ಪ ಹೊತ್ತು ಆ ಚುಕ್ಕಿ ಮಿಣುಕುತ್ತದೆ. ಅವನು ತೂಕಡಿಸಿದರೂ, ಬ್ಯಾಟರಿ ಸತ್ತರೂ, ಗೆರೆ ಸುಟ್ಟರೂ ಚುಕ್ಕಿ ಆರುತ್ತದೆ. ಆನೆಯಿಲ್ಲದೆ ಚುಕ್ಕಿಯೊಂದೇ ಮಿಣುಕಿದರೆ ಕಾಡಂಚಿನ ದಾರಿ; ಆರಿದರೆ ಕೆರೆ ದಾರಿ.

"ಬೋರ್ಡು ಬರ್ದೋರು ನೀವು, ಮುಂದೆ ನೀವೇ ನಡೀರಿ," ಎಂದು ಸುಂದ್ರಮ್ಮ ಮೊದಲ ಬೆಳಗು ನನ್ನನ್ನೂ ಹೊರಡಿಸಿದಳು. ನ್ಯಾಯವಾದ ಮಾತು; ನಡೆದೆ. ಕವಲಿನಲ್ಲಿ ಮಂಜು ಕಂಬಳಿಯಂತಿತ್ತು. ಬೋರ್ಡಿನಲ್ಲಿ ಆನೆಯಿರಲಿಲ್ಲ, ಚುಕ್ಕಿಯೂ ಇರಲಿಲ್ಲ. ಸುಂದ್ರಮ್ಮ ಕೆರೆಯ ಕಡೆಗೆ ತಿರುಗಿಯೂಬಿಟ್ಟಳು. ಆಗ ದೂರದ ಅಟ್ಟಣೆಯಿಂದ ಒಂದು ಕೂಗು, ಅದರ ಬೆನ್ನಿಗೇ ಮೂಲೆಯಲ್ಲಿ ಕೆಂಪಗೆ ಒಂದು ಮಿಣುಕು. ನಿಂತು ನೋಡಿದೆವು. ಮತ್ತೆ ಮಿಣುಕಿತು.

ಮಾದೇವಿ ಹಾಲನ್ನು ಸೊಂಟಕ್ಕೇರಿಸಿ, ನನ್ನನ್ನು ದಾಟಿಕೊಂಡು, ಕಾಡಂಚಿನ ದಾರಿಗೆ ಕಾಲಿಟ್ಟಳು.

"ಎದ್ದವ್ರೆ ಕಣಕ್ಕಾ ನಮ್ಮನೆಯೋರು. ನಡೀರಿ."