ಹಾಕಿಯೇ ಇದ್ದ ಚಿಲಕ

ಆ ದಿನ ಬೆಳಿಗ್ಗೆ ದೆಹಲಿಯ ನಮ್ಮ ಆರ್.ಕೆ.ಪುರಂ ಕ್ವಾರ್ಟರ್ಸಿನೊಳಗೆ ಕೋತಿ ನುಗ್ಗಿತು. ಬ್ರೆಡ್ಡು ಎತ್ತಿಕೊಂಡು ಹೋಗಿದ್ದರೆ ಸುಮ್ಮನಿರುತ್ತಿದ್ದೆ. ದೋಸೆ ಹಿಟ್ಟಿನ ಪಾತ್ರೆಯನ್ನು ಬೋರಲು ಹಾಕಿ, ನನ್ನ ಮುಖ ನೋಡಿ ಹಲ್ಲು ಕಿಸಿದು, ಹಿಂದಿನ ಬಾಲ್ಕನಿಯ ಬಾಗಿಲಿನಿಂದ ನಿಧಾನವಾಗಿ ಹೊರಟಿತು. ನಾನು ರಾತ್ರಿ ಹಾಕಿದ್ದ ಚಿಲಕವನ್ನು ತೆಗೆದುಬಿಟ್ಟಿದ್ದಾನೆಂದು ಗಂಡನ ಮೇಲೆ ಹಾರಾಡಿದೆ. ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ಅವನು ಹೋಗಿ ಪರದೆ ಸರಿಸಿ ತೋರಿಸಿದ. ಚಿಲಕ ಹಾಕಿಯೇ ಇತ್ತು.

ಅವನ ಸರ್ಕಾರಿ ನೌಕರಿಗೆ ಸಿಕ್ಕ ಈ ಮನೆಗೆ ನಾವು ಬಂದು ಎರಡು ತಿಂಗಳಾಗಿತ್ತು. ಹಿಂದಿನ ಕ್ವಾರ್ಟರ್ಸಿನದೇ ನಕ್ಷೆ, ಅದೇ ಬಾಗಿಲು, ಅದೇ ಕಬ್ಬಿಣದ ಚಿಲಕ. ದಿನಾ ರಾತ್ರಿ ಪರದೆಯ ಹಿಂದೆ ಕೈ ಹಾಕಿ ಸರಿಸುತ್ತಿದ್ದೆ, ಟಕ್ ಎನ್ನುತ್ತಿತ್ತು, ನೆಮ್ಮದಿಯಾಗಿ ಮಲಗುತ್ತಿದ್ದೆ. ಆದರೆ ಈ ಮನೆಯ ಚೌಕಟ್ಟನ್ನು ಯಾರೋ ಎಂದೋ ಬದಲಾಯಿಸಿದ್ದರು. ಚಿಲಕದ ತುದಿಯನ್ನು ಹಿಡಿದುಕೊಳ್ಳಬೇಕಾದ ಬಳೆಯನ್ನು ಮತ್ತೆ ಹಾಕಿಸಿರಲಿಲ್ಲ. ಬೆರಳಲ್ಲಿ ತಳ್ಳಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು.

ನಗು ಬರಬೇಕಿತ್ತು. ಬದಲಿಗೆ ಆಫೀಸಿನ ಕೆಲಸ ನೆನಪಾಯಿತು. ನಾನೂ ಅಂಥದೊಂದು ಚಿಲಕ ಮಾಡಿಟ್ಟಿದ್ದೆ.

ನನ್ನ ಕೆಲಸ ಗುರುಗ್ರಾಮದ ಒಂದು ಕಂಪನಿಯಲ್ಲಿ. ಗಿರಾಕಿಗೆ ಇಷ್ಟು ಕಂಪ್ಯೂಟರು, ಮಾಹಿತಿ ಇಡಲು ಇಂಥ ಡೇಟಾಬೇಸು ಎಂದು ಕೋಡಿನಲ್ಲಿ ಬರೆದರೆ, ಕ್ಲೌಡ್ ಕಂಪನಿ ಅದನ್ನು ತಾನೇ ಕಟ್ಟಿಕೊಡುತ್ತದೆ. ಕ್ಲೌಡ್ ಕಂಪನಿಗಳು ಹಲವು, ಒಂದೊಂದರ ರೀತಿ ಒಂದೊಂದು. ನಾವು ಬಳಸುವ ಮೂರಕ್ಕೂ ಆಗುವಂಥ ಒಂದೇ ಅಚ್ಚು, ಅಂದರೆ ಮಾಡ್ಯೂಲ್, ನಾನು ಬರೆದಿದ್ದೆ. ಅದರಲ್ಲಿ ‘ಬೀಗ’ ಎಂಬ ಒಂದು ಸಾಲು. ಅದನ್ನು ಹಾಕಿದರೆ ಆ ಡೇಟಾಬೇಸನ್ನು ಯಾರೂ ಅಳಿಸಲಾಗದು. ಮೊದಲ ಎರಡು ಕ್ಲೌಡಿನಲ್ಲಿ ಬೀಗ ಪರೀಕ್ಷೆ ಮಾಡಿದ್ದೆ. ಮೂರನೆಯದರಲ್ಲಿ ಬೀಗದ ಹೆಸರಷ್ಟೇ ಇಟ್ಟು, ಅದನ್ನು ಕ್ಲೌಡಿಗೆ ತಲುಪಿಸುವ ಸಾಲನ್ನು ಆಮೇಲೆ ಬರೆದರಾಯಿತು ಎಂದು ಬಿಟ್ಟಿದ್ದೆ. ಬರೆದ ನೆನಪು ಎಷ್ಟು ತಡಕಿದರೂ ಸಿಗಲಿಲ್ಲ.

ಅಂದು ಹತ್ತು ಗಂಟೆಗೆ, ಫರೀದಾಬಾದಿನ ರಕ್ತಪರೀಕ್ಷೆಯ ಲ್ಯಾಬೊಂದಕ್ಕಾಗಿ ಕಟ್ಟಿದ್ದ ಹಳೆಯ ಪ್ರಯೋಗದ ಕಂಪ್ಯೂಟರುಗಳನ್ನೆಲ್ಲ ಅದೇ ಮೂರನೆಯ ಕ್ಲೌಡಿನಿಂದ ಅಳಿಸುವುದಿತ್ತು. ರೋಗಿಗಳ ಹೆಸರು, ಯಾವ ನಳಿಕೆಯ ರಕ್ತ ಯಾರದು ಎಂಬುದೆಲ್ಲ ಇದ್ದ ಲ್ಯಾಬಿನ ಅಸಲಿ ಡೇಟಾಬೇಸೂ ಅವುಗಳ ಜೊತೆಯಲ್ಲೇ ಇತ್ತು, ಬೀಗ ಹಾಕಿಕೊಂಡು. ‘ಒಟ್ಟಿಗೆ ಅಳಿಸಿ, ಬೀಗವಿದ್ದದ್ದು ತಾನಾಗಿ ಉಳಿಯುತ್ತದೆ’ ಎಂದು ಕೈಪಿಡಿಯಲ್ಲಿ ಬರೆದವಳೂ ನಾನೇ.

ಅಳಿಸುವ ಕೆಲಸ ನಮ್ಮ ತಂಡದ ಹಿರಿಯರೊಬ್ಬರದು. ಕೊಡಗಿನವರು, ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾಗಿ ಈ ಕೆಲಸಕ್ಕೆ ಬಂದವರು. ಯಾವ ಪಟ್ಟಿಯನ್ನೇ ಕೊಡಿ, ಪ್ರತಿ ಸಾಲನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿ, ಪಕ್ಕದವರನ್ನು ‘ನೋಡಿದ್ರಾ?’ ಎಂದು ಕೇಳುವುದು ಅವರ ಅಭ್ಯಾಸ. ಒಂದು ಮೀಟಿಂಗಿನಲ್ಲಿ ನನ್ನನ್ನೂ ಕೇಳಿದ್ದರು, ಮೂರನೆಯದರಲ್ಲಿ ಬೀಗ ಹಾಕಿ ಅಳಿಸಿ ನೋಡಿದ್ದೀರಾ ಎಂದು. ಹತ್ತು ಜನರೆದುರು ಅವರ ಮೇಲೆ ಹರಿಹಾಯ್ದಿದ್ದೆ. ಇದು ವಿಮಾನವಲ್ಲ ಸರ್, ನನ್ನ ಕೋಡಿನ ಬಗ್ಗೆ ಇನ್ನು ಮುಂದೆ ಇಂಥದ್ದೆಲ್ಲ ಕೇಳಬೇಡಿ ಎಂದಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿದ್ದರು.

ಹಿಟ್ಟನ್ನು ನೆಲದ ಮೇಲೇ ಬಿಟ್ಟು ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕೆಲಸಕ್ಕೆ ಕೂತರೆ ಫೋನನ್ನು ಡ್ರಾಯರಿಗೆ ಹಾಕುವ ಮನುಷ್ಯ. ಬೇರೆ ಯಾರಿಗಾದರೂ ಮಾಡೋಣವೆಂದರೆ ಹತ್ತಕ್ಕೆ ಮುಂಚೆ ಆಫೀಸಿಗೆ ಬರುವ ಇನ್ನೊಂದು ನರಪಿಳ್ಳೆ ಇಲ್ಲ. ಮನೆಯಿಂದಲೇ ತಡೆಯೋಣವೆಂದರೆ ಆಫೀಸಿನ ಹೊರಗಿನಿಂದ ಯಾರೂ ಕೈ ಹಾಕದಂತೆ ನಿಯಮ. ಆ ನಿಯಮ ಮಾಡಿದ ಮಹಾತಾಯಿಯೂ ನಾನೇ. ‘ಅಳಿಸಬೇಡಿ’ ಎಂದು ಮೆಸೇಜು ಹಾಕಿ, ಚಪ್ಪಲಿ ಮೆಟ್ಟಿ ಮೆಟ್ರೋಗೆ ಓಡಿದೆ.

ಹೌಜ್ ಖಾಸ್‌ನಲ್ಲಿ ಗಾಡಿ ಬದಲಾಯಿಸಿದ ಮೇಲೆ ಸುರಂಗ. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಇಡೀ ಡಬ್ಬಿಯ ಜನ ರೀಲ್ ನೋಡುತ್ತ ಹಾಯಾಗಿ ನಿಂತಿದ್ದರು. ಅವರನ್ನು ನೋಡಿದರೂ ಸಿಟ್ಟು ಬರುತ್ತಿತ್ತು. ಸಾಲು ಬರೆದಿರಬಹುದು, ನೆನಪಿಲ್ಲ ಅಷ್ಟೇ ಎಂದು ಒಂದು ನಿಲ್ದಾಣದವರೆಗೆ ನಂಬಿದೆ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಬರೆದಿಲ್ಲವೆಂಬುದು ಖಾತ್ರಿಯಾಯಿತು. ಕುತುಬ್ ಮಿನಾರ್ ಹತ್ತಿರ ರೈಲು ಮೇಲೆ ಬಂದು ಬೆಳಕಾದಾಗ ನೋಡಿದೆ. ಮೆಸೇಜು ತಲುಪಿತ್ತು, ಅವರು ಓದಿರಲಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದೆ. ನನಗೆ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ.

ಆಫೀಸು ತಲುಪಿದಾಗ ಹತ್ತಕ್ಕೆ ಹತ್ತು ನಿಮಿಷ. ಅವರು ನೆಟ್ಟಗೆ ಕೂತು ಕಂಪ್ಯೂಟರಿನ ಪರದೆ ನೋಡುತ್ತಿದ್ದರು. ಪರದೆಯ ಮೇಲೆ ಏನೂ ಓಡುತ್ತಿರಲಿಲ್ಲ. ಫೌಜಿನ ಜನ, ಹತ್ತಕ್ಕೆ ಎಂದರೆ ಒಂಬತ್ತೂವರೆಗೇ ಮುಗಿಸಿಬಿಡುತ್ತಾರೆ.

ಬೀಗ ಹಾಕಿದ್ದು ಉಳಿಯಿತೇ ಎಂದು ಕೇಳಿದೆ.

“ಹೋಯ್ತು ಮೇಡಂ,” ಎಂದರು. ನನ್ನ ಮುಖ ನೋಡದೆ ಹೇಳಿದರು, “ಬೀಗ ಇದ್ರೂ ಅಳಿಸೋ ಪಟ್ಟಿಯಲ್ಲಿ ಅದರ ಹೆಸರು ಕಂಡಿತ್ತು. ನಿಮ್ಮನ್ನ ಕೇಳ್ಬೇಕು ಅಂತ ಫೋನ್ ತೆಗೆಯೋಕೆ ಡ್ರಾಯರಿನ ಹಿಡಿಗೆ ಕೈ ಹಾಕಿದ್ದೆ. ಕೇಳಬೇಡಿ ಅಂದಿದ್ರಲ್ಲ. ಡ್ರಾಯರ್ ತೆಗೀಲೇ ಇಲ್ಲ.”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಅಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಸುಳ್ಳು ಯಾಕೆ ಹೇಳಲಿ.

ಹಿಂದಿನ ರಾತ್ರಿಯವರೆಗಿನ ಡೇಟಾಬೇಸಿನ ನಕಲೊಂದು ಬೇರೆ ಕಡೆ ಇತ್ತು. ಸಂಜೆಯೊಳಗೆ ಅದನ್ನು ವಾಪಸು ತಂದೆವು. ಆದರೆ ಆ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದಾಗಿನಿಂದ ಒಂಬತ್ತೂವರೆಯವರೆಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟವರ ಹೆಸರುಗಳು ಎಲ್ಲೂ ಇರಲಿಲ್ಲ. ನಳಿಕೆಗಳ ಮೇಲೆ ಬರೀ ಸಂಖ್ಯೆ. ಅವರ ಫೋನಿಗೆ ಹೋಗಿದ್ದ ರಸೀದಿಯ ಲಿಂಕ್ ಒತ್ತಿದರೆ ಖಾಲಿ ಪುಟ. ಯಾರ ರಕ್ತ ಯಾವುದೆಂದು ಹೇಳಬಲ್ಲವರು ಯಾರೂ ಇಲ್ಲದೆ ಅಷ್ಟನ್ನೂ ಚೆಲ್ಲಬೇಕಾಯಿತು. ಸಂಜೆ ರಿಪೋರ್ಟಿಗೆಂದು ಬಂದವರಿಗೆ ಲ್ಯಾಬಿನವರು, ನಾಳೆ ಮತ್ತೆ ಏನೂ ತಿನ್ನದೆ ಬನ್ನಿ ಎಂದಷ್ಟೇ ಹೇಳಿ ಕಳಿಸಿದರಂತೆ.

ಮರುದಿನ ಬೆಳಿಗ್ಗೆ ಫರೀದಾಬಾದಿಗೆ ಹೋದೆ. ಯಾರೂ ಕಳಿಸಿರಲಿಲ್ಲ. ಹಿರಿಯರು ನನಗಿಂತ ಮುಂಚೆ ಬಂದು ಕೌಂಟರಿನ ಪಕ್ಕ ಒಂದು ಕಾಗದದ ರಿಜಿಸ್ಟರ್ ಹಿಡಿದು ಕೂತಿದ್ದರು. ಹೊಸ ವ್ಯವಸ್ಥೆಯ ಮೇಲೆ ಲ್ಯಾಬಿನವರಿಗೆ ನಂಬಿಕೆ ಹೋಗಿತ್ತು, ಕೈಯಲ್ಲೇ ಬರೆಯಿರಿ ಎಂದಿದ್ದರು.

ಸಾಲಿನಲ್ಲಿ ಒಬ್ಬ ಅಜ್ಜಿ. ಎಡಗೈಯಲ್ಲಿ ನಿನ್ನೆಯ ಹತ್ತಿ ಇನ್ನೂ ಅಂಟಿಕೊಂಡಿತ್ತು. ನನ್ನನ್ನು ಲ್ಯಾಬಿನವಳೆಂದುಕೊಂಡು ಹತ್ತಿರ ಬಂದು ಮೆಲ್ಲಗೆ, “ಬೇಟಾ, ಕುಛ್ ನಿಕಲಾ ಹೈ ಕ್ಯಾ?” ಎಂದಳು, ಏನಾದರೂ ಸಿಕ್ಕಿತಾ ಎಂದು. ಮತ್ತೆ ಕರೆದಿದ್ದಾರೆಂದರೆ ರಕ್ತದಲ್ಲಿ ಏನೋ ದೊಡ್ಡ ಕಾಯಿಲೆ ಸಿಕ್ಕಿರಬೇಕೆಂದು ಅವಳು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ.

ನಿಮ್ಮ ರಕ್ತದಲ್ಲೇನೂ ಸಿಕ್ಕಿಲ್ಲ ಅಮ್ಮಾ, ತಪ್ಪು ನನ್ನದು, ನಿಮ್ಮ ಹೆಸರು ನನ್ನಿಂದ ಅಳಿಸಿಹೋಯಿತು ಎಂದು ಹಿಂದಿಯಲ್ಲಿ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಉಸಿರು ಬಿಟ್ಟು, ನೋಯುತ್ತಿರುವ ಎಡಗೈ ಬೇಡವೆಂದು ಬಲಗೈಯ ತೋಳು ಮೇಲೇರಿಸಿದಳು.

ನಳಿಕೆ ತುಂಬಿತು. ಹಿರಿಯರು ರಿಜಿಸ್ಟರಿನ ಸಾಲಿನ ಮೇಲೆ ಬೆರಳಿಟ್ಟು ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಸ್ವಲ್ಪ ತಡೆದರು. ಕೇಳಲೋ ಬೇಡವೋ ಎಂದು ತಡೆದದ್ದು ನನಗೆ ತಿಳಿಯಿತು.

“ಕೇಳಿ ಸರ್,” ಎಂದೆ.

“ನೋಡಿದ್ರಾ ಮೇಡಂ?”

ನಳಿಕೆಯನ್ನು ಕೈಗೆ ತೆಗೆದುಕೊಂಡೆ. ಅದು ಬೆಚ್ಚಗಿತ್ತು. ಈ ಸಲ ಅದರ ಮೇಲೆ ಕೈಯಲ್ಲಿ ಬರೆದಿದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ ಮೇಲೆ, ನೋಡಿದೆ ಸರ್ ಎಂದೆ.